ಏಳು ಕಿತ ಒಂದೇ ಪಟ

"ಅದ್ಯಾಕವ್ವ, ಒಂದೇ ಪಟವ ಏಳು ಕಿತ ತೆಗೀತೀಯೆ?"
ಗಂಟೆ ಹೊಡೆಯುವ ಸಂದ್ಯಾಗಪ್ಪ ಕೇಳಿದ,
ಬೆಂಚಿನ ದೂಳನ್ನು ಟವೆಲ್ಲಿನಿಂದ ಕೊಡವುತ್ತ.
ಸುಮ್ಮನಿರಿ ಅಂದೆ. ಮೂರು ಕಾಲಿನ ನನ್ನ ಸ್ಟ್ಯಾಂಡು
ಅವನ ಉಸಿರಿಗೂ ಅಲುಗೀತು ಎಂಬ ಭಯ.

ಮಂಡ್ಯದಿಂದ ಹತ್ತು ಮೈಲಿ, ನಾಲೆ ಏರಿ ಹಿಡಿದು ಬಂದರೆ
ಕಬ್ಬಿನ ಗದ್ದೆಯ ಮೇಲೆ ಸುಣ್ಣದ ಕತ್ತು ಚಾಚಿದ ಚರ್ಚು.
ನೂರನೇ ವರ್ಷದ ಪುಸ್ತಕಕ್ಕೆ ಒಳಗಿನ ಪಟ ಬೇಕಂತೆ.
ಫಾದರ್ ಡೆನಿಸ್ ಫೋನಿನಲ್ಲೇ ಹೇಳಿದ್ದರು:
"ಕಿಟಕಿಯೂ ಕಾಣಬೇಕು, ಪೀಠವೂ ಕಾಣಬೇಕು.
ಹೋದ ಸಲ ಬಂದವನು ಎರಡರಲ್ಲೊಂದನ್ನು ಕೊಂದ."

ನಿಜ. ಕಣ್ಣಿನ ಔದಾರ್ಯ ಕ್ಯಾಮೆರಾಕ್ಕಿಲ್ಲ.
ಬಿಸಿಲಿಗೆ ಒಲಿದರೆ ನೆರಳನ್ನು ಮಸಿ ಮಾಡುತ್ತದೆ,
ನೆರಳಿಗೆ ಒಲಿದರೆ ಕಿಟಕಿಯ ಸಂತರೆಲ್ಲ
ಹಾಲುಕ್ಕಿದ ಹಾಗೆ ಬೆಳ್ಳಗೆ ಅಳಿಸಿಹೋಗುತ್ತಾರೆ.
ಅದಕ್ಕೇ ಏಳು.

ಮೊದಲನೆಯದು ರೆಪ್ಪೆಗಿಂತ ಚುರುಕು.
ಎಲ್ಲ ಕಪ್ಪು; ಗಾಜಿನಲ್ಲಿ ಮಾತ್ರ ಅನ್ನಮ್ಮ
ಮಗಳಿಗೆ ಓದು ಕಲಿಸುತ್ತಿದ್ದಾಳೆ,
ಅವಳ ನೀಲಿ ಸೆರಗಿನಾಚೆ ಮಸುಕಾಗಿ
ಕಬ್ಬು ತುಂಬಿದ ಲಾರಿಯೊಂದು ಪಂಕ್ಚರಾಗಿ ನಿಂತಿದೆ.
ಎರಡು, ಮೂರು: ಹಿತ್ತಾಳೆಯ ದೀಪಗಂಬ, ಕಂಬದ ಒಂದು ಕೆನ್ನೆ.
ನಾಲ್ಕು: ನೀವು ನಾವು ಬಾಗಿಲಲ್ಲಿ ನಿಂತು ನೋಡುವ ಚರ್ಚು, ಅಷ್ಟೇ.
ಐದು, ಆರು: ಚಾವಣಿಯ ತೊಲೆ, ತೊಲೆಯ ಮೇಲೆ
ಯಾವುದೋ ಕ್ರಿಸ್ಮಸ್ಸಿನ ನಕ್ಷತ್ರದ ಕಡ್ಡಿ.
ಏಳನೆಯದಕ್ಕೆ ಶಟರು ಅರ್ಧ ನಿಮಿಷ
ಬಾಯಿ ಕಳೆದು ಕೂತಿತು.

ಆಗಲೇ ಬರಬೇಕೆ ಇನ್ನಾಸಮ್ಮ?
ಕೈಯೆತ್ತಿದೆ. ನನ್ನನ್ನು ಕಂಡರೆ ತಾನೆ.
ಮಾತೆಯ ಕಾಲಿಗೆ ಮೊಳ ಕನಕಾಂಬರ ಇಟ್ಟು
ಮಂಡಿಯೂರಿ, ಸೊಸೆಯನ್ನೋ ಮೊಣಕಾಲನ್ನೋ ಬೈದು,
ಶಿಲುಬೆ ಗೀರಿಕೊಂಡು, ಚಪ್ಪಲಿ ಹುಡುಕುತ್ತ ಹೊರಟೇಹೋದಳು.
ಹತ್ತು ಎಣಿಸುವಷ್ಟು ಹೊತ್ತು.

ರಾತ್ರಿ ಗುತ್ತಲು ರಸ್ತೆಯ ಸ್ಟುಡಿಯೋದಲ್ಲಿ, ಶಟರ್ ಅರ್ಧ ಎಳೆದು,
ಏಳನ್ನೂ ಒಂದರ ಮೇಲೊಂದು ಇಟ್ಟೆ.
ಅಪ್ಪನ ಡಾರ್ಕ್‌ರೂಮು ಇದ್ದದ್ದು ಇದೇ ಮೂಲೆಯಲ್ಲಿ.
ತಂತಿಯ ತುದಿಗೆ ಗುಂಡನೆ ರಟ್ಟು ಸಿಕ್ಕಿಸಿ
ಮದುಮಗಳ ಮುಖದ ಮೇಲೆ ಆಡಿಸುತ್ತಿದ್ದ,
ನೊಣ ಓಡಿಸುವವನ ಹಾಗೆ,
ಆ ಮುಖ ಒಂದಿಷ್ಟು ತಿಳಿಯಾಗಲಿ ಎಂದು.
ನನಗೀಗ ರಟ್ಟಿಲ್ಲ. ಒಂದು ಗೀಟು, ಗೀಟಿನ ಮೇಲೊಂದು ಗುಂಡಿ.
ಎಳೆದೆ.

ಎಳೆದಷ್ಟೂ ಬಂತು:
ಪೀಠದ ಬಟ್ಟೆಯ ಹೊಲಿಗೆ, ಗೋಡೆಯ ಜಿನುಗು,
ಪಾಪನಿವೇದನೆಯ ಗೂಡಿನೊಳಗೂ ಬೆಳಕು ನುಗ್ಗಿ
ಮಂಡಿಗಳು ಸವೆಸಿದ ಹಲಗೆಯ ಎರಡು ಗುಳಿ,
ಜಾಲರಿಯ ಆ ತೂತು, ಬಾಯಿ ಇರುವ ಎತ್ತರದಲ್ಲಿ
ಎಣ್ಣೆ ಹಿಡಿದ ಹಾಗೆ ಕಪ್ಪಾದದ್ದು,
ಯಾರೋ ಮುದುರಿ ಬಿಟ್ಟುಹೋದ ಕರ್ಚೀಫು.
ಕದ್ದು ಕೇಳಿಸಿಕೊಂಡವಳ ಹಾಗೆ ಕಿವಿ ಬಿಸಿಯಾಯಿತು.
ಗುಂಡಿಯನ್ನು ಹಿಂದಕ್ಕೆ ನೂಕಿದೆ.
ಅಷ್ಟು ಜಾಗ ಕತ್ತಲಿಗೇ ಇರಲಿ.

ಇನ್ನಾಸಮ್ಮ ಏಳರಲ್ಲಿ ಒಂದರಲ್ಲಿ ಮಾತ್ರ,
ಅದರಲ್ಲೂ ಮೂರರಲ್ಲೊಂದು ಪಾಲು:
ಸೀರೆಯ ಒಳಗಿಂದ ಬೆಂಚು ಕಾಣುತ್ತದೆ,
ಬೆನ್ನಿನ ಒಳಗಿಂದ ಕನಕಾಂಬರ.
ಇಂಥವರನ್ನು ಭೂತ ಅನ್ನುತ್ತೇವೆ ನಮ್ಮ ಕಸುಬಿನಲ್ಲಿ.
ಅಳಿಸಲು ಒಂದು ಚೌಕ, ಅದರಲ್ಲೊಂದು ಗೀರು ಸಾಕು.
ಗೀರಲಿಲ್ಲ. ಟೀ ತರಿಸಿದೆ.

ಭಾನುವಾರ ಪೂಜೆ ಮುಗಿದ ಮೇಲೆ ದೊಡ್ಡ ಪಟ ಬಿಚ್ಚಿದೆ.
ಫಾದರ್ ಕಿಟಕಿ ನೋಡಿದರು, ಪೀಠ ನೋಡಿದರು,
"ಆ ಲಾರಿ ತೆಗೀಬಹುದಲ್ವ?" ಅಂದರು.
ಸಂದ್ಯಾಗಪ್ಪ ಪೊರೆ ಬಂದ ಎಡಗಣ್ಣು ಮುಚ್ಚಿಕೊಂಡು
ಬಾಗಿಲ ಬೆಳಕಿಗೆ ಪಟವನ್ನು ಓರೆ ಹಿಡಿದ.
"ಇಷ್ಟೊಂದು ಬೆಳಕ ಈ ಗುಡೀಲಿ ನಾ ಕಂಡೇ ಇಲ್ಲ ಕಣವ್ವ.
ಅಂದಾಜಿನ ಮ್ಯಾಲೇ ಓಡಾಡಿದ್ದು ನಲವತ್ತು ವರ್ಸ."
ಆಮೇಲೆ ಹತ್ತಿರ ತಂದ, ಇನ್ನೂ ಹತ್ತಿರ,
"ಇಲ್ಲೇನೋ ಹೊಗೆಯಂಗೆ ಅಂಟ್ಕಂಡದೆ ನೋಡು" ಎನ್ನುತ್ತ
ಹೆಗಲ ಟವೆಲ್ಲಿನ ಚುಂಗಿನಿಂದ ಮೆಲ್ಲಗೆ ಒರೆಸಿದ,
ಒರೆಸಿ ನೋಡಿ, ಮತ್ತೆ ಒರೆಸಿದ.