ಅರಗು

ಹಾಸನದ ಕೋರ್ಟಿನಲ್ಲಿ ನನ್ನ ಕೆಲಸ ಅರಗು ಕಾಯಿಸುವುದು.
ಮೊಂಬತ್ತಿಯ ನಾಲಗೆಗೆ ಕೆಂಪು ಕಡ್ಡಿ ಹಿಡಿದು
ತೊಟ್ಟು ಬೀಳುವವರೆಗೆ ಕಾದು
ಲಕೋಟೆಯ ಹೊಕ್ಕುಳಿಗೆ ಹಿತ್ತಾಳೆ ಮುದ್ರೆ ಒತ್ತುವುದು.
ಇಪ್ಪತ್ತಾರು ವರ್ಷ. ಹೆಬ್ಬೆರಳಿನ ಗೆರೆಯೆಲ್ಲ ಸುಟ್ಟುಹೋಗಿ
ರೇಷನ್ ಅಂಗಡಿಯ ಯಂತ್ರ
ನಾನು ನಾನಲ್ಲ ಅನ್ನುತ್ತದೆ.

ಆರಾಧ್ಯರೇ, ನೆನಪಿದೆಯೋ ಇಲ್ಲವೋ,
ಆಗಿನ್ನೂ ನೀವು ಸರ್ಕಾರದ ದೊಡ್ಡ ವಕೀಲರಲ್ಲ,
ಮೊಣಕೈ ಸವೆದ ಕರಿ ಕೋಟಿನ ಹುಡುಗ.
ಹೊಳೆನರಸೀಪುರದ ಕೊನೇ ಬಸ್ಸು ತಪ್ಪಿದರೆ
ಬಾರ್ ರೂಮಿನ ಬೆಂಚಿನ ಮೇಲೇ ನಿದ್ದೆ.
ಪೊಲೀಸರು ಮುಚ್ಚಿದ ಲಕೋಟೆ ತಂದ ದಿನ
ನೀವು ಎದ್ದು ನಿಂತು ಅಂದಿರಿ:
"ನನ್ನ ಕಕ್ಷಿದಾರ ಕಿವುಡನಲ್ಲ ಸ್ವಾಮಿ,
ಅವನ ಮೇಲಿನ ಮಾತು ಅವನೆದುರು ಓದಲಿ."
ಜಡ್ಜ್ ಸಾಹೇಬರು ನನ್ನ ಕಡೆ ನೋಡಿದರು.
ನಾನು ಕತ್ತರಿ ತಂದೆ.
ಅರಗು ಒಡೆದ ಆ ಸಣ್ಣ ಸದ್ದು,
ಕಡಲೆಬೀಜ ಬಿಡಿಸಿದ ಹಾಗೆ,
ಇನ್ನೂ ಕಿವಿಯಲ್ಲಿದೆ.

ಮೊನ್ನೆ ಕಲಾಕ್ಷೇತ್ರದಲ್ಲಿ ನಿಮಗೆ ಸನ್ಮಾನ.
ಪೇಟ, ಏಲಕ್ಕಿ ಹಾರ, ಹಣ್ಣಿನ ಬುಟ್ಟಿ.
"ದೇಶ ಇದ್ದರೆ ತಾನೇ ಕೋರ್ಟು" ಅಂದಿರಿ.
ಚಪ್ಪಾಳೆ. ನಾನೂ ತಟ್ಟಿದೆ,
ಪಕ್ಕದಲ್ಲಿ ಶಿರಸ್ತೇದಾರರು ಕೂತಿದ್ದರು.

ಇನ್ನಾಸಪ್ಪನ ಹೆಸರು ಯಾರೂ ಎತ್ತಲಿಲ್ಲ.
ಗೊರೂರಿನ ಹಿನ್ನೀರಲ್ಲಿ ಬಲೆ ಬೀಸುವವನು.
ಐಸ್ ಷೆಡ್ಡಿನ ಗೋಡೆಗೆ ಬೆಳಿಗ್ಗೆ ಸೀಮೆಸುಣ್ಣದಲ್ಲಿ
ನಿನ್ನೆ ಇಷ್ಟು ಅಡಿ, ಇವತ್ತು ಇಷ್ಟು ಅಂತ ಬರೆಯುತ್ತಿದ್ದ,
ಮುಳುಗಿದ ಊರಿನ ಯಾವ ಗೋಡೆ
ಯಾರ ದೋಣಿಯ ಹೊಟ್ಟೆಗೆ ತಾಗೀತು ಅಂತ ತಿಳಿಯಲು.
ಫೋನಿನಲ್ಲಿ ಅಣೆಕಟ್ಟೆಯ ಗೇಟಿನ ನಾಲ್ಕು ಪಟ ಇತ್ತಂತೆ.
ಹದಿನಾಲ್ಕು ತಿಂಗಳಾಯಿತು.
ಹಸಿರು ಶಾಯಿಯಲ್ಲಿ ನೀವೇ ಬರೆದಿರಿ:
ವಿವರ ಹೊರಬಿದ್ದರೆ ರಾಷ್ಟ್ರದ ಭದ್ರತೆಗೆ ಧಕ್ಕೆ.
ಪೇಪರಿನ ಮೂರನೇ ಪುಟದಲ್ಲಿ,
ಆಲೂಗಡ್ಡೆ ಧಾರಣೆಯ ಪಕ್ಕದಲ್ಲೇ,
ದಿನಾ ಬೀಳುತ್ತದೆ ಜಲಾಶಯದ ಮಟ್ಟ.
ಬೋಂಡಾ ಕಟ್ಟಿಕೊಟ್ಟ ಕಾಗದದಲ್ಲಿ ನಾನೇ ಓದಿದ್ದೇನೆ
ಒಳಹರಿವು, ಹೊರಹರಿವು, ಎಣ್ಣೆ ಕಲೆ ಸಮೇತ.

ಅವನ ಹೆಂಡತಿ ಮಗ್ದಲಮ್ಮ ಹೊಂಗೆಮರದಡಿ ಹಿಡಿದು ನಿಲ್ಲಿಸಿದಳು.
"ಒಳಗೇನೈತೆ ಅಂತ ಕೇಳಲ್ಲಣ್ಣ.
ಕೈಯಾಗೆ ಹಿಡಿದಿದ್ಯಲ್ಲ, ತೂಕ ಎಷ್ಟಿತ್ತು ಹೇಳು."
ದಿನವೆಲ್ಲ ಮೀನು ತೂಗುವವಳಿಗೆ ಸುಳ್ಳು ಹೇಳಲಾಗಲಿಲ್ಲ:
"ಒಂದು ಹಾಳೆ ಇದ್ದೀತು, ಮದುವೆ ಕಾಗದಕ್ಕಿಂತ ಹಗುರ.
ಅರಗೇ ಹೆಚ್ಚು ತೂಗುತ್ತಿತ್ತು ತಾಯಿ."
"ಐಸು ಜಾಸ್ತಿ, ಮೀನು ಕಮ್ಮಿ ಅನ್ನು" ಅಂದಳು.
ಸೆರಗಿನಿಂದ ಕೈ ಒರೆಸಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ನಮ್ಮ ಹಾಸನಾಂಬೆಯೂ ಬಾಗಿಲು ಹಾಕಿಕೊಳ್ಳುತ್ತಾಳೆ.
ವರ್ಷ ಕಳೆದು ತೆಗೆದರೆ
ಹಚ್ಚಿಟ್ಟ ದೀಪ ಉರಿಯುತ್ತಲೇ ಇರುತ್ತದಂತೆ,
ಇಟ್ಟ ಅನ್ನ ಹಳಸಿರುವುದಿಲ್ಲವಂತೆ.
ನಂಬದವರು ಬಿಡಲಿ, ನಾನು ಸಾಲಿನಲ್ಲಿ ನಿಲ್ಲುವವನು.
ಆದರೆ ಆರಾಧ್ಯರೇ, ಅವಳು ತೆಗೆಯುತ್ತಾಳೆ.
ವರ್ಷಕ್ಕೊಂದು ಸಲವಾದರೂ, ಊರೆಲ್ಲ ನೋಡುವಂತೆ.
ನಿಮ್ಮ ಲಕೋಟೆಯೊಳಗೆ ಯಾವ ದೀಪ ಇಟ್ಟಿದ್ದೀರಿ?
ಯಾವ ಅನ್ನ?

ಅರಗಿನ ಮನೆಯ ಕತೆ ಅಜ್ಜಿ ಹೇಳುತ್ತಿದ್ದಳು.
ರಾಜಕುಮಾರರು ಸುರಂಗದಲ್ಲಿ ಪಾರಾದರು, ಸಂತೋಷ.
ಬೂದಿಯಲ್ಲಿ ಸಿಕ್ಕಿದ ಆರು ಹೆಣ?
ಉಂಡು ಮಲಗಿದ್ದ ಬೇಡತಿ, ಅವಳ ಐದು ಮಕ್ಕಳು.
"ಅವರ ಹೆಸರೇನಜ್ಜಿ?" ಅಂದರೆ
"ಮಲಗೋ ಸುಮ್ನೆ" ಅನ್ನುತ್ತಿದ್ದಳು.

ಹೊಟ್ಟೆಗೆ ಹೋದದ್ದು ಕರಗುವುದಕ್ಕೂ
ನಮ್ಮಲ್ಲಿ ಅರಗುವುದು ಅಂತಲೇ ಹೇಳುವುದು.
ಸನ್ಮಾನದ ಊಟ ನಿಮಗೆ ಅರಗಿರಬೇಕು.
ನಾನು ಒತ್ತಿದ ಮುದ್ರೆ ನನಗೆ ಅರಗಿಲ್ಲ.
ನಿಮ್ಮೊಬ್ಬರದೇ ತಪ್ಪು ಅನ್ನಲಾರೆ,
ನಿಮ್ಮ ಸಹಿಯ ಮೇಲೆ ನನ್ನ ಹೆಬ್ಬೆರಳಿದೆ,
ಗೆರೆ ಇಲ್ಲದ್ದು, ಗುರುತು ಸಿಗದ್ದು.

ನಾಳೆ ಇನ್ನೊಂದು ಲಕೋಟೆ ಬರುತ್ತದಂತೆ.
ಡ್ರಾಯರಿನಲ್ಲಿ ಅರಗು ಮುಗಿದಿದೆ.
ಹೊಸ ಕಡ್ಡಿಗೆ ಸೋಮವಾರವೇ ಇಂಡೆಂಟ್ ಬರೆಯಬೇಕಿತ್ತು.
ಬರೆದಿಲ್ಲ.
ಶಿರಸ್ತೇದಾರರು ಎರಡು ಸಲ ಕೇಳಿದರು.
ಇನ್ನೂ ಬರೆದಿಲ್ಲ.