ಹಾಸದ ಫರ್ಸಿ

ಶಹಾಬಾದಿನ ಆಚಿಗೆ, ಕಲ್ಲಿನ ಗಣಿ ದಾಟಿದ ಮ್ಯಾಲ
ಎರಡು ಖೋಲಿ ನನ್ನ ಆಸ್ಪತ್ರಿ.
ಗುರುವಾರ ಕೂಸುಗಳ ಸೂಜಿ.
ಅಳು ತಣ್ಣಗಾದ ಮ್ಯಾಲ ತಾಯಂದಿರ ಪಾಳಿ.

ಹೇಳ್ತೀನಿ:
ಮೂರು ತಿಂಗಳಿಗೊಂದು, ತೋಳಿಗೆ.
ಚುಚ್ಚಿದ ಜಾಗ ತಿಕ್ಕಬ್ಯಾಡ್ರಿ, ಬಿಸಿ ಅರಿವಿ ಇಡಬ್ಯಾಡ್ರಿ.
ಮೊದಮೊದಲು ಹೊತ್ತಿಲ್ಲದ ಹೊತ್ತಿನಾಗ ಹನಿ ಕಾಣಬಹುದು,
ಆಮ್ಯಾಲ ಮುಟ್ಟು ನಿಂತೇಬಿಡಬಹುದು.
ಕೂಸು ಬೇಕಂದ್ರ ಸೂಜಿ ಬಿಟ್ಟರಾತು,
ಆದ್ರ ಬಿಟ್ಟ ಮರುತಿಂಗಳೇ ಬಸಿರು ನಿಲ್ಲೂದಿಲ್ಲ,
ಏಳೆಂಟು ತಿಂಗಳು, ಒಬ್ಬೊಬ್ಬರಿಗೆ ಇನ್ನೂ ಹೆಚ್ಚು.
ಇದನ್ನ ಮುಚ್ಚಿಟ್ಟರ
ನಾಳೆ ನನ್ನ ಮುಖ ನೋಡೂದಿಲ್ಲ ನೀವು.

"ನಿಂತ ರಕ್ತ ಎಲ್ಲಿ ಹೋಗ್ತದ ಸಿಸ್ಟರಮ್ಮ?"
ಕೇಳಿದಾಕಿ ಜಗದೇವಿ. ಇಪ್ಪತ್ತಮೂರು, ಮೂವರ ತಾಯಿ,
ಕೈಯಾಗಿನ ಕಲ್ಲಿನ ಧೂಳು ಇನ್ನೂ ತೊಳೆದಿಲ್ಲ.
"ಹೊಟ್ಟ್ಯಾಗ ಗಡ್ಡಿ ಕಟ್ತದಂತ."
"ತಲಿಗೇರ್ತದಂತ," ಅಂದ್ಳು ಖಾಜಾಬಿ.

ನನ್ನ ಹತ್ರ ಪಟ ಅದ,
ಗುಲಾಬಿ ಬಣ್ಣದ ಗರ್ಭಚೀಲ, ಬಾಣದ ಗುರುತು.
ಯಾರೂ ಆ ಕಡೆ ನೋಡ್ಲಿಲ್ಲ.
ನಾ ಕೆಳಗ ನೋಡ್ದೆ.
ನೆಲ. ಇವರೇ ಸೀಳಿದ ಕಲ್ಲು.

"ತಿಂಗಳಾ ತಿಂಗಳಾ ಒಳಗೊಂದು ಫರ್ಸಿ ಹಾಸ್ತದ ಮೈ,
ಕೂಸು ಬಂದೀತು, ಕೂಡ್ಲಾಕ ಬೇಕು ಅಂತ.
ಬರಲಿಲ್ಲಂದ್ರ ಕಿತ್ತು ಹೊರಗ ಹಾಕ್ತದ. ಅದೇ ಮುಟ್ಟು.
ಈ ಸೂಜಿ ಹಾಸ್ಲಾಕ ಬಿಡೂದಿಲ್ಲ.
ಹಾಸದ ಫರ್ಸಿ ಕೀಳೂದೆಲ್ಲಿ ಬಂತು ಜಗದೇವಿ?"

ಖಾಜಾಬಿ ಬೆರಳು
ಎರಡು ಕಲ್ಲಿನ ಸಂದಿನಾಗ ಅಡ್ಡಾಡಿತು.
"ಕೂಲಿ ಉಳೀತು," ಅಂದ್ಳು.
ಬಾಗಿಲ ಹತ್ರ ಕುಂತಾಕಿ ಸೆರಗು ಕಚ್ಚಿ ನಕ್ಕಳು.

ಜಗದೇವಿ ಕಾರ್ಡು ಒಯ್ಯಲಿಲ್ಲ.
"ತಾರೀಖು ನೀವೇ ಇಟಗೋರಿ. ಮನ್ಯಾಗ ಅತ್ತಿ ಇದ್ದಾಳ."

ಮೂರನೇ ಸೂಜಿಗೆ ಬಂದಾಗ ಮುಟ್ಟು ನಿಂತು ನಾಕು ತಿಂಗಳು.
"ಆದ್ರೂ ಮೂರು ದಿನ ಹೊರಗ ಕೂಡ್ತೀನ್ರೀ,
ಅತ್ತಿ ಕ್ಯಾಲೆಂಡರಿಗೆ ಗೀಟು ಹಾಕ್ತಾಳ.
ರೊಟ್ಟಿ ಆಕೀನೇ ಬಡೀತಾಳ.
ಮೊದಲು ಹೊಟ್ಟಿನೋವಿಗೆ ಹೊಳ್ಳಾಡ್ತಿದ್ದೆ,
ಈಗ ಬರೇ ನಿದ್ದಿ."
ಅಡ್ಡ ಪರಿಣಾಮ ಅಂತ ಒಂದು ಕಾಲಮ್ ಅದ ರಿಜಿಸ್ಟರಿನಾಗ.
ಪೆನ್ನು ಅಲ್ಲೇ ಜರಾ ನಿಂತಿತು.

ಮೊನ್ನೆ ಸೋಮವಾರ, ಸೂಜಿ ದಿನ ಅಲ್ಲ,
ಒಬ್ಬಾಕೀನೇ ಬಂದ್ಳು ಚಂದಮ್ಮ, ಜಗದೇವಿ ಅತ್ತಿ.
ನನ್ನೆದಿ ಧಸಕ್ಕಂತು. ರಿಜಿಸ್ಟರ್ ಮುಚ್ಚಿದೆ.
ಖುರ್ಚಿ ಬ್ಯಾಡಂದು ನೆಲಕ್ಕ ಕುಂತಳು.
ಕಲ್ಲಿನ ಲಾರಿ ಹೋಗೂತನ ಸುಮ್ಮನಿದ್ದು,

"ನಂದು ನಿಂತು ಹನ್ನೊಂದು ವರ್ಷಾತು.
ತಲಿ ಭಾರ ಆದಾಗೊಮ್ಮೆ, ಅದೇ ರಕ್ತ, ಅಂತ ತಿಳಕೊಂಡೀನಿ.
ಯಾರಿಗಿ ಕೇಳ್ಲಿ?
ಆ ಫರ್ಸಿ ಮಾತು ನನಗೂ ಜರಾ ಹೇಳು."

ಸೊಸಿ ಹೆಸರು ಆಕಿ ತಗೀಲಿಲ್ಲ, ನಾನೂ ತಗೀಲಿಲ್ಲ.
ತೋಳು ಚಾಚಂದೆ.
ಮೊದಲು ಬಿ.ಪಿ. ನೋಡಿದೆ.