ಕೊನೆಯ ಉ

ಮತ್ತಿಕೆರೆಯಲ್ಲಿ, ಟಯರು ಅಂಗಡಿಯ ಮೇಲೆ
ಸಂಜೆ ಆರೂವರೆಗೆ ಇಂಗ್ಲಿಷು ಮಾತಿನ ಕ್ಲಾಸು.
ಫಿಲೋಮಿನಾ ಮಿಸ್ಸು ಸ್ಕೇಲಿನಿಂದ ಬೋರ್ಡಿಗೆ ಬಡಿದು,
"ಬಸ್. ಬಸ್ಸು ಅಲ್ಲ. ಬಾಲ ಕತ್ತರಿಸಿ."

ಕತ್ತರಿಸುತ್ತೇವೆ. ಬ್ರೆಡ್. ಕಾರ್. ರೋಡ್.
ಗಾರ್ಮೆಂಟ್ಸಿನಲ್ಲಿ ಹಗಲಿಡೀ ಅಂಗಿಗಳ
ದಾರದ ತುದಿ ಕತ್ತರಿಸುವ ಭಾಗ್ಯವತಿ
ಮಾತಿನ ತುದಿಗೆ ಬಂದು ತಡವರಿಸುತ್ತಾಳೆ,
"ಯೆಗ್ಗು" ಅಂದು ನಾಲಗೆ ಕಚ್ಚಿಕೊಳ್ಳುತ್ತಾಳೆ.

ನನಗೆ ಹಲ್ಲಿನ ಡಾಕ್ಟರ ಹತ್ತಿರ ಕೆಲಸ.
ಎಷ್ಟೋ ಬಾಯಿಗಳಿಗೆ ದೀಪ ಹಿಡಿದಿದ್ದೇನೆ.
ಸರಿಯಾದ ಇಂಗ್ಲಿಷಿನವರದ್ದೂ
ಇದೇ ನಾಲಗೆ, ಇದೇ ಪಾಚಿ.
ಬಾಯಿ ತೆರೆದಿಟ್ಟಾಗ ಎಲ್ಲರೂ
"ಆ" ಅನ್ನುವುದು ಒಂದೇ ಥರ.

ನಮ್ಮಜ್ಜಿ, ಬಾಗಿಲಿಗೆ ಬಂದವರು ಯಾರೇ ಇರಲಿ,
ನಿಂತಂತೆ ಕಳಿಸಿದವಳಲ್ಲ;
ಕಾಲಲ್ಲೇ ಒಂದು ಮಣೆ ಸರಿಸುತ್ತಿದ್ದಳು.
ಪರಊರಿನ ಮಾತಿಗೂ ಹಾಗೇ ಅಲ್ಲವೇ,
ಕೂರಲೆಂದು ಕೊನೆಗೊಂದು ಉ?
ಕೇಳಬೇಕೆನಿಸಿತು. ಇಂಗ್ಲಿಷಿನಲ್ಲಿ
ಮಣೆಗೆ ಏನನ್ನುತ್ತಾರೋ ಗೊತ್ತಾಗದೆ
ಸುಮ್ಮನೆ ಕೂತೆ.

ಅಷ್ಟರಲ್ಲಿ ಕರೆಂಟು ಹೋಯಿತು.
"ಛೆ, ಫ್ಯಾನು!" ಅಂದರು ಮಿಸ್ಸು.

ಯಾರೂ ನಗಲಿಲ್ಲ.
ಕೆಳಗೆ ಯಾವುದೋ ಲಾರಿಯ ಟಯರು
ಉಸ್ಸೆಂದು ಗಾಳಿ ಬಿಟ್ಟಿತು.